ಗಜನಿಯ ಬಾಗಿಲು: ಅಘನಾಶಿನಿ ಅಳಿವೆಯ ಭರತ-ಇಳಿತದ ಮೀನುಗಾರಿಕೆ

ಮೀನು ಹಿಡಿಯುವ ಸಾಧನಗಳನ್ನು ಕುರಿತ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಬಲೆ, ಗಾಳ, ಕೂಳಿಗಳ ವಿವರಣೆಯಲ್ಲಿಯೇ ನಿಂತುಬಿಡುತ್ತವೆ. ಇವು ಕೈಯಲ್ಲಿ ಹಿಡಿದು ತೋರಿಸಬಹುದಾದ, ವಸ್ತುಸಂಗ್ರಹಾಲಯದ ಗೋಡೆಗೆ ತೂಗುಹಾಕಬಹುದಾದ ವಸ್ತುಗಳು. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಡೀ ಬಯಲೇ ಮೀನಿನ ಬೋನು. ಅದನ್ನು ಸ್ಥಳೀಯರು ಗಜನಿ ಎನ್ನುತ್ತಾರೆ. ಗಜನಿಯನ್ನು ಕೇವಲ ಉಪಕರಣವೆಂದು ಪರಿಗಣಿಸಿದರೆ ಅದರ ಚರಿತ್ರೆ ಅರ್ಥವಾಗುವುದಿಲ್ಲ. ಅದು ನೀರು, ನೆಲ ಮತ್ತು ಕಾಲವನ್ನು ಹಂಚಿಕೊಳ್ಳುವ ಒಂದು ಒಪ್ಪಂದ.

ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯು ಅಣೆಕಟ್ಟಿನ ತಡೆಯಿಲ್ಲದೆ ಹರಿದು, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮಿರ್ಜಾನ, ಹೆಗಡೆ, ಮಾಸೂರು, ಮಾಣಿಕಟ್ಟಾ, ಹಿರೇಗುತ್ತಿ ಮೊದಲಾದ ಊರುಗಳ ತಗ್ಗು ನೆಲಕ್ಕೆ ಸಮುದ್ರದ ಉಪ್ಪುನೀರು ದಿನಕ್ಕೆ ಎರಡು ಬಾರಿ ಏರಿಬರುತ್ತದೆ. ಈ ನೆಲವನ್ನು ಮಣ್ಣು-ಕಲ್ಲಿನ ಒಡ್ಡಿನಿಂದ ಸುತ್ತುವರಿದು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲುಗಳನ್ನು ಇರಿಸಿದಾಗ ಅದು ಗಜನಿಯಾಗುತ್ತದೆ. ಹಾಲಕ್ಕಿ ಒಕ್ಕಲಿಗ, ಪಟಗಾರ, ನಾಮಧಾರಿ, ಅಂಬಿಗ, ಹರಿಕಂತ್ರ ಮುಂತಾದ ಸಮುದಾಯಗಳ ಬದುಕು ಬೇರೆ ಬೇರೆ ರೀತಿಯಲ್ಲಿ ಈ ಬಾಗಿಲಿಗೆ ತಗಲಿಕೊಂಡಿದೆ.

ಬಾಗಿಲಿನ ಕೆಲಸ ಸಿಗಡಿಯ ಜೀವನಕ್ರಮವನ್ನು ಅವಲಂಬಿಸಿದೆ. ಗಜನಿಯಲ್ಲಿ ದೊರೆಯುವ ಮುಖ್ಯ ಸಿಗಡಿಗಳು ಸಮುದ್ರದಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಮರಿಗಳು ಭರತದ ನೀರಿನೊಡನೆ ಅಳಿವೆಗೆ ಬಂದು, ಆಳವಿಲ್ಲದ ಹಿನ್ನೀರಿನಲ್ಲಿ ಬೆಳೆದು, ಮರಳಿ ಸಮುದ್ರದತ್ತ ಹೊರಡುತ್ತವೆ. ಭರತದ ವೇಳೆ ಬಾಗಿಲು ತೆರೆದರೆ ಮರಿಗಳು ಒಳಬರುತ್ತವೆ. ಇಳಿತದಲ್ಲಿ ಬಾಗಿಲಿಗೆ ಚೀಲದ ಬಲೆ ಕಟ್ಟಿದರೆ ಬೆಳೆದವು ಸಿಕ್ಕುತ್ತವೆ. ಬೆನ್ನಟ್ಟಿ ಹಿಡಿಯುವ ಪ್ರಶ್ನೆಯೇ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚಾಗಿ, ಹರಿವು ಜೋರಾಗಿರುವುದರಿಂದ ಬಲೆಗೆ ಬೀಳುವುದೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ನೀರು ಮಂದವಾಗುತ್ತದೆ. ಭರತದ ವೇಳೆಯು ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಮುಂದೆ ಸರಿಯುತ್ತದೆ. 24 ನಿಮಿಷಗಳ ಘಳಿಗೆಯ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಎರಡು ಘಳಿಗೆ. ತಿಥಿಯನ್ನು ಬಲ್ಲವನಿಗೆ ಗಡಿಯಾರದ ಅಗತ್ಯವಿರಲಿಲ್ಲ. ಪಂಚಾಂಗವನ್ನು ಕೇವಲ ವ್ರತ-ಹಬ್ಬಗಳ ಪುಸ್ತಕವೆಂದು ತಿಳಿದವರು ಇದನ್ನು ಗಮನಿಸಬೇಕು.

ಇದೇ ನೆಲ ಮಳೆಗಾಲದಲ್ಲಿ ಗದ್ದೆ. ಜೂನ್-ಜುಲೈ ತಿಂಗಳ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತವನ್ನು ಬಿತ್ತಲಾಗುತ್ತದೆ. ಕಗ್ಗ ಎತ್ತರವಾಗಿ ಬೆಳೆಯುವ ತಳಿ. ಉಪ್ಪನ್ನು ತಾಳಿಕೊಳ್ಳುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದ್ದರೂ ಬದುಕುತ್ತದೆ. ಗೊಬ್ಬರ ಹಾಕುವ ಪದ್ಧತಿಯಿಲ್ಲ. ಕೊಯ್ಲಿನ ನಂತರ ಕೊಳೆಯುವ ಕೂಳೆ ಮೀನು-ಸಿಗಡಿಗಳಿಗೆ ಆಹಾರವಾಗುತ್ತದೆ. ಅವುಗಳ ಹಿಕ್ಕೆ ಮತ್ತು ಹೊಳೆಯ ಮೆಕ್ಕಲು ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ. ಹೀಗಾಗಿ ಬಾಗಿಲನ್ನು ಮಳೆಗಾಲದಲ್ಲಿ ಭತ್ತದ ಪರವಾಗಿ, ಬೇಸಿಗೆಯಲ್ಲಿ ಮೀನಿನ ಪರವಾಗಿ ನಡೆಸಬೇಕಾಗುತ್ತದೆ. ಉಪ್ಪುನೀರನ್ನು ಯಾವಾಗ ಒಳಬಿಡಬೇಕು, ಯಾವಾಗ ತಡೆಯಬೇಕು ಎಂಬ ತೀರ್ಮಾನವು ಒಬ್ಬ ಹಿಡುವಳಿದಾರನದಾಗಿರಲು ಸಾಧ್ಯವಿಲ್ಲ. ಒಡ್ಡು ಒಂದೇ, ಒಳಗಿನ ಗದ್ದೆಗಳು ಹಲವು.

ಮೀನಿನ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಹಿಡುವಳಿದಾರರು ಹಂಚಿಕೊಳ್ಳುವ ಕ್ರಮ ಬೆಳೆದುಬಂದದ್ದು ಈ ಹಿನ್ನೆಲೆಯಲ್ಲಿ. ಗೋವೆಯ ಖಾಜನ್ ಭೂಮಿಗಳಲ್ಲಿಯೂ ‘ಮಾನಸ್’ ಎಂಬ ಬಾಗಿಲಿನ ಮೀನಿನ ಹಕ್ಕು ಹರಾಜಾಗುತ್ತದೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ಸಿಗಡಿ ಹಿಡಿಯುವ ಅವಧಿ ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ. ಅವಧಿ ಮುಗಿದ ಮೇಲೆ ಊರಿನ ಬಡವರು ಗದ್ದೆಗಿಳಿದು, ನೀರು ಕಲಕಿ, ಉಳಿದ ಮೀನನ್ನು ಹಿಡಿದುಕೊಳ್ಳುವ ರೂಢಿ ಅಲ್ಲಿತ್ತು. ಭೂಮಿಯಿಲ್ಲದವನಿಗೂ ವರ್ಷದಲ್ಲೊಮ್ಮೆ ಪಾಲು ಕೊಡುವ ಈ ರೂಢಿಯು ಇಂತಹ ಬೋನುಗಳ ಚರಿತ್ರೆಯಲ್ಲಿ ಭತ್ತ-ಮೀನಿನ ಲೆಕ್ಕದಷ್ಟೇ ಮಹತ್ವದ್ದು.

ಕಾನೂನು ಇದನ್ನು ಕಂಡ ಬಗೆ ಬೇರೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ನೆಲಕ್ಕೆ ಊರಿದ ಅಥವಾ ಇನ್ನಾವುದೇ ರೀತಿಯಲ್ಲಿ ಸ್ಥಿರಗೊಳಿಸಿದ ಬಲೆ, ಪಂಜರ, ಬೋನುಗಳನ್ನೆಲ್ಲ ‘ಸ್ಥಿರ ಯಂತ್ರ’ ಎಂಬ ಒಂದೇ ಹೆಸರಿನಡಿ ತಂದು, ಅವುಗಳನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಉತ್ತರ ಕನ್ನಡವು 1956ರವರೆಗೆ ಮುಂಬಯಿ ರಾಜ್ಯದ ಭಾಗವಾಗಿದ್ದಿತು. ಆ ರಾಜ್ಯದ 1948ರ ಖಾರ್ ಲ್ಯಾಂಡ್ಸ್ ಅಧಿನಿಯಮದ ದೃಷ್ಟಿಯಲ್ಲಿ ಉಪ್ಪುನೀರು ಬರುವ ನೆಲವೆಂದರೆ ರಕ್ಷಿಸಿ ಸಾಗುವಳಿಗೆ ತರಬೇಕಾದ ನೆಲ. ಒಂದು ಕಾನೂನಿಗೆ ಯಂತ್ರ ಕಂಡಿತು, ಇನ್ನೊಂದಕ್ಕೆ ಹೊಲ ಕಂಡಿತು. ಎರಡೂ ಕೂಡಿದ್ದ ಗಜನಿ ಯಾವುದಕ್ಕೂ ಕಾಣಲಿಲ್ಲ.

1970ರ ದಶಕದಲ್ಲಿ ಸರ್ಕಾರವು ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಉಪ್ಪುನೀರನ್ನು ತಡೆಯುವ ಭಾರ ಹಗುರವಾಯಿತಾದರೂ ಊರವರೇ ಕೂಡಿ ಒಡ್ಡು ಕಟ್ಟುವ ಹೊಣೆ ಸಡಿಲವಾಯಿತು. 1990ರ ದಶಕದಲ್ಲಿ ಸಿಗಡಿಯ ರಫ್ತು ಬೆಲೆ ಏರಿದಾಗ ಬಯಲಿನ ಹಲವು ಭಾಗಗಳು ಸಿಗಡಿ ಕೆರೆಗಳಾದವು. ಉಪ್ಪುನೀರನ್ನು ಸದಾ ನಿಲ್ಲಿಸಿಕೊಂಡ ಕಡೆ ಕಗ್ಗಕ್ಕೆ ಜಾಗವಿಲ್ಲದಂತಾಯಿತು. ಅದೇ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೃಷಿಯನ್ನು ಕೆಡಿಸಿತು. 1996ರ ಡಿಸೆಂಬರ್ 11ರಂದು ಎಸ್. ಜಗನ್ನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೃಷಿ ಕೆರೆಗಳನ್ನು ತೆರವುಗೊಳಿಸಲು ಆದೇಶಿಸಿ, ಸಾಂಪ್ರದಾಯಿಕ ಹಾಗೂ ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ನೀಡಿತು. ‘ಸಾಂಪ್ರದಾಯಿಕ’ ಎಂಬ ಪದಕ್ಕೆ ಹೀಗೆ ಕಾನೂನಿನ ಬೆಲೆ ಬಂದಿತು. ಆದರೆ ಅದು ರಕ್ಷಿಸಿದ್ದು ಮೀನು ಬೆಳೆಸುವ ತಂತ್ರವನ್ನು. ಬಾಗಿಲಿನ ಮೇಲೆ ಊರಿಗಿದ್ದ ಮಾತು ಅದರ ವ್ಯಾಪ್ತಿಗೆ ಬರಲಿಲ್ಲ.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸಾರ್ ಪಟ್ಟಿಗೆ ಸೇರಿದುದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಮಾಣಿಕಟ್ಟದ ರೈತರು ಸಂಘಟಿತರಾಗಿ ಕಗ್ಗದ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ. ಬೀಜವನ್ನು ಒಬ್ಬನೇ ಮನೆಯಲ್ಲಿ ಕಾಪಾಡಬಹುದು. ಆದರೆ ಬಿತ್ತಬೇಕಾದರೆ ಇಡೀ ಒಡ್ಡಿನೊಳಗಿನವರು ಕೂಡಿ ಒಂದೇ ತಿಥಿಗೆ ಬಾಗಿಲು ಮುಚ್ಚಲು ಒಪ್ಪಬೇಕಾಗುತ್ತದೆ.