ಮಿಲ್‌ಏರ್ ಆಲಿಕೆ

ಸೇನೆ ಮತ್ತು ಸರ್ಕಾರದ ವಿಮಾನಗಳ ರೇಡಿಯೊ ಮಾತುಕತೆಯನ್ನು ಕೇಳಿ, ಕರೆಹೆಸರು, ಆವರ್ತನ, ಸಮಯಗಳನ್ನು ಬರೆದಿಡುವ ಹವ್ಯಾಸ. ಇದರ ಬೇರು ಗಟ್ಟಿಯಾಗಿರುವುದು ಅಮೆರಿಕದಲ್ಲಿ. ನಾಗರಿಕ ವಿಮಾನಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ನಡೆದರೆ, ಸೇನಾ ವಿಮಾನಗಳದ್ದು ಮುಖ್ಯವಾಗಿ 225–400 ಮೆಗಾಹರ್ಟ್ಸ್‌ನಲ್ಲಿ. ಎರಡೂ ಕಡೆ ಎಎಂ ವಿಧಾನವೇ. ಈ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ನೆಲದ ನಿಯಂತ್ರಣ ಗೋಪುರದ ಮಾತು ಕೇಳಿಸದ ಊರಿನಲ್ಲೂ ಎತ್ತರದಲ್ಲಿರುವ ಪೈಲಟ್‌ನ ದನಿ ಕೇಳಿಸುತ್ತದೆ. ಹಾಗಾಗಿ ಸಂಭಾಷಣೆಯ ಅರ್ಧ ಭಾಗವಷ್ಟೇ ಸಿಕ್ಕಿ, ಉಳಿದದ್ದನ್ನು ಊಹಿಸಿಕೊಳ್ಳಬೇಕಾಗುತ್ತದೆ.

ಹೆಚ್ಚು ರೋಚಕವಾದುದು ಶಾರ್ಟ್‌ವೇವ್. ಅಮೆರಿಕದ ವಾಯುಪಡೆಯ ಜಾಗತಿಕ ಜಾಲವು 8992, 11175 ಕಿಲೋಹರ್ಟ್ಸ್ ಮೊದಲಾದ ಕಡೆ ಮೇಲ್ಪಾರ್ಶ್ವ ಪಟ್ಟಿಯಲ್ಲಿ (ಅಪ್ಪರ್ ಸೈಡ್‌ಬ್ಯಾಂಡ್) ಪ್ರಸಾರ ಮಾಡುತ್ತದೆ. 'ಆಲ್ಫಾ, ಬ್ರಾವೊ' ಎಂದು ಒಂದೊಂದೇ ಅಕ್ಷರ ಓದುವ ತುರ್ತು ಕ್ರಿಯಾ ಸಂದೇಶಗಳು ಸಾಗರ ದಾಟಿ ಯಾರ ಮನೆಗಾದರೂ ತಲುಪಬಲ್ಲವು. ಗುಪ್ತಸಂಕೇತವಾದ್ದರಿಂದ ಅರ್ಥ ಯಾರಿಗೂ ದಕ್ಕದು; ಆ ನಿರ್ವಿಕಾರ ದನಿಯ ಹಿಂದೆ ಅಣ್ವಸ್ತ್ರ ವ್ಯವಸ್ಥೆಯಿದೆ ಎಂಬ ಅರಿವೇ ಕೇಳುಗನನ್ನು ಹಿಡಿದು ಕೂರಿಸುತ್ತದೆ. ಜಲಾಂತರ್ಗಾಮಿಗಳಿಗೆ ಆದೇಶ ರವಾನಿಸುವ ಇ-6ಬಿ ಮರ್ಕ್ಯುರಿ ವಿಮಾನಗಳೂ ಇಲ್ಲಿ ಕೇಳಿಬರುತ್ತವೆ.

ಕರೆಹೆಸರುಗಳಲ್ಲಿ 'ಏರ್‌ಫೋರ್ಸ್ ಒನ್' ಪ್ರಸಿದ್ಧ. ಅದು ಯಾವುದೋ ಒಂದು ವಿಮಾನದ ಹೆಸರಲ್ಲ. ಅಮೆರಿಕದ ಅಧ್ಯಕ್ಷರು ಹತ್ತಿದ ವಾಯುಪಡೆಯ ವಿಮಾನಕ್ಕೆಲ್ಲ ಸಲ್ಲುತ್ತದೆ.

ಮಾತು ಕೇಳುವುದರ ಜೊತೆಗೆ ಈಗ ಹಲವರು 1090 ಮೆಗಾಹರ್ಟ್ಸ್‌ನ ಟ್ರಾನ್ಸ್‌ಪಾಂಡರ್ ಸಂಕೇತಗಳನ್ನು ಅಗ್ಗದ ಯುಎಸ್‌ಬಿ ಗ್ರಾಹಕದಿಂದ ಹಿಡಿದು, 24 ಬಿಟ್ ಗುರುತುಸಂಖ್ಯೆಯಿಂದ ವಿಮಾನವನ್ನು ಪತ್ತೆಹಚ್ಚುತ್ತಾರೆ. ಇನ್ನೊಂದೆಡೆ, ರೇಡಿಯೊ ಮಾತಿನ ಗೂಢಲಿಪೀಕರಣ ಹೆಚ್ಚಿದಂತೆ ಕೇಳಲು ಸಿಗುವ ಮಾತು ಕಡಿಮೆಯಾಗುತ್ತಿದೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ತನಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಕೇಳುವುದು ಅಪರಾಧ. ಭಾರತದಲ್ಲೂ ಇಂಥ ಆಲಿಕೆಗೆ ಮುಕ್ತ ಅವಕಾಶವಿಲ್ಲ.