ಶಸ್ತ್ರಾಸ್ತ್ರ ಆಮದು: ಲೆಕ್ಕ ಬೆಳೆದ ಬಗೆ

ಮಾರ್ಚ್ ಬಂತೆಂದರೆ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಶಸ್ತ್ರಾಸ್ತ್ರ ವ್ಯಾಪಾರದ ಹೊಸ ಅಂಕಿ ಹೊರಡಿಸುತ್ತದೆ. ಭಾರತ ಜಗತ್ತಿನ ಅತಿ ದೊಡ್ಡ ಆಮದುದಾರ ಎಂಬ ಸುದ್ದಿಯನ್ನು ನಾವು ವರ್ಷಗಟ್ಟಲೆ ಓದಿದ್ದೇವೆ. 2025ರಲ್ಲಿ ಉಕ್ರೇನ್ ಮೊದಲಾಗಿ, ಶೇ. 8.3ರ ಪಾಲಿನೊಂದಿಗೆ ನಾವು ಎರಡನೆಯವರಾದಾಗ ಸ್ವಾವಲಂಬನೆ ಫಲ ಕೊಟ್ಟಿತೆಂಬ ಮಾತು ಕೇಳಿಬಂತು. ಮೊದಲಿನ ನಾಚಿಕೆ, ಈಗಿನ ಹೆಮ್ಮೆ ಎರಡೂ ಆ ಅಂಕಿಯನ್ನು ಹಣವೆಂದು ಓದಿದ್ದರಿಂದ ಬಂದವು. ಅದು ಹಣದ ಲೆಕ್ಕವೇ ಅಲ್ಲ.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಎರಡು ಮಹಾಯುದ್ಧಗಳ ನಡುವೆ ಲೀಗ್ ಆಫ್ ನೇಷನ್ಸ್ ಶಸ್ತ್ರ ವ್ಯಾಪಾರದ ವಾರ್ಷಿಕ ಅಂಕಿಅಂಶ ಪ್ರಕಟಿಸುತ್ತಿತ್ತು. ಅದಕ್ಕೆ ಆಧಾರ ದೇಶಗಳ ಸುಂಕದ ಲೆಕ್ಕ. ಸುಂಕದ ಲೆಕ್ಕದ ತೊಡಕು ಇಂದಿಗೂ ತೀರಿಲ್ಲ: ಸುಂಕದ ಪಟ್ಟಿಯಲ್ಲಿ ಬಂದೂಕು, ಮದ್ದುಗುಂಡು 93ನೇ ಅಧ್ಯಾಯಕ್ಕೆ, ಟ್ಯಾಂಕು 87ಕ್ಕೆ, ವಿಮಾನ 88ಕ್ಕೆ, ಯುದ್ಧನೌಕೆ 89ಕ್ಕೆ. 93ನ್ನಷ್ಟೇ ತೆರೆದು ನೋಡಿದವನಿಗೆ ಒಂದು ಯುದ್ಧವಿಮಾನವೂ ಕಾಣುವುದಿಲ್ಲ. 1961ರಲ್ಲಿ ಹುಟ್ಟಿದ ಅಮೆರಿಕದ ಶಸ್ತ್ರ ನಿಯಂತ್ರಣ ಸಂಸ್ಥೆ ಡಾಲರ್ ಲೆಕ್ಕ ಹಾಕಿತು. ಅದರ ಹಿಂದೆ ಗುಪ್ತಚರರ ಅಂದಾಜು ಇದ್ದುದರಿಂದ ಹೊರಗಿನವರು ಪರೀಕ್ಷಿಸುವಂತಿರಲಿಲ್ಲ.

ನಮ್ಮ ತಲೆಮಾರಿನವರು ಈ ವಿಷಯಕ್ಕೆ ಬಂದದ್ದು ಆ ಡಾಲರ್ ಲೆಕ್ಕದ ಮೇಲೆ ಸಂಶಯ ಎದ್ದ ಹೊತ್ತಿನಲ್ಲಿ. 1979ರಲ್ಲಿ ಎಡ್ವರ್ಡ್ ಕೊಲೊಡ್‌ಜೀ ಫ್ರಾನ್ಸಿನ ರಫ್ತನ್ನು ಹಿಡಿದು ಅಮೆರಿಕದ ಅಂಕಿಗಳನ್ನು ಪ್ರಶ್ನಿಸಿದರು. 1982ರಲ್ಲಿ ಮೈಕೆಲ್ ಬ್ರಜೋಸ್ಕಾ ಬೇರೆ ಬೇರೆ ಮೂಲಗಳನ್ನು ಎದುರುಬದುರು ಇಟ್ಟು ತೂಗಿದರು. ಭಾರತದವರಿಗೆ ಇದು ಬರೀ ಪಂಡಿತರ ಜಗಳವಾಗಿರಲಿಲ್ಲ. ಸೋವಿಯತ್ ಶಸ್ತ್ರಗಳು ನಮಗೆ ಬಂದದ್ದು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದಲ್ಲಿ, ತೀರಿಸಿದ್ದು ರೂಪಾಯಿಯಲ್ಲಿ. ಅದಕ್ಕೆ ಯಾವ ಡಾಲರ್ ಬೆಲೆ ಕಟ್ಟುತ್ತೀರಿ? ಬ್ರಿಟನ್ನಿನ ವಿಮಾನಗಳಿಗೆ ಕಚ್ಚಾತೈಲ ಕೊಟ್ಟ ಸೌದಿ ಅರೇಬಿಯಾದ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿ ಹೋಲಿಸುವುದು ಹೇಗೆ?

1966ರಲ್ಲಿ ಸ್ಥಾಪನೆಯಾದ ಸಿಪ್ರಿ ಈ ಸಿಕ್ಕಿನಿಂದ ಹೊರಬರಲು ಬೆಲೆಯನ್ನೇ ಬದಿಗಿಟ್ಟಿತು. ಕೆಲವು ಆಯುಧಗಳ ತಯಾರಿಕಾ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ಪ್ರತಿ ಆಯುಧಕ್ಕೂ ಅದರ ಸೇನಾ ಶಕ್ತಿ ತೋರುವ ಒಂದು ಸೂಚ್ಯಂಕ ಮೌಲ್ಯ ಕೊಟ್ಟಿತು. ಬಳಸಿದ ಆಯುಧಕ್ಕೆ ಹೊಸದರ ಶೇ. 40, ಗಣನೀಯವಾಗಿ ನವೀಕರಿಸಿದ್ದಕ್ಕೆ ಶೇ. 66. 1950ರಿಂದ ಇಂದಿನವರೆಗೆ ಒಂದೇ ಅಳತೆಗೋಲು. ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಮತ್ತೊಂದು ನಡೆದಿಲ್ಲ ಎಂಬುದು ನನ್ನ ಅಭಿಪ್ರಾಯ.

ರಷ್ಯಾದಿಂದ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯವನ್ನೇ ನೋಡಿ. 2004ರ ಒಪ್ಪಂದದಲ್ಲಿ ಹಡಗು ಉಚಿತ, ನವೀಕರಣ ಮತ್ತು ಸಲಕರಣೆಗೆ 97.4 ಕೋಟಿ ಡಾಲರ್. ಕೊನೆಗೆ ತೆತ್ತದ್ದು 235 ಕೋಟಿ. ಬೆಲೆ ಎರಡು ಪಟ್ಟಿಗೂ ಮೀರಿ ಏರಿದರೂ ಹಡಗಿನ ಶಕ್ತಿ ಏರಲಿಲ್ಲ, ಸಿಪ್ರಿ ಮೌಲ್ಯವೂ ಏರುವುದಿಲ್ಲ. ಹಡಗು ಕೈಗೆ ಬಂದದ್ದು 2013ರಲ್ಲಿ. ಸಿಪ್ರಿ ಎಣಿಸುವುದು ಆಯುಧ ಕೈಗೆ ಬಂದ ವರ್ಷದಲ್ಲಿ, ಹೋಲಿಸುವುದು ಐದೈದು ವರ್ಷದ ಕಂತುಗಳಲ್ಲಿ. ಹಾಗಾಗಿ ಅದು 2010-14ರ ಕಂತಿನಲ್ಲಿದೆ, 2015-19ರಲ್ಲಿ ಇಲ್ಲ. ಆ ಎರಡು ಅವಧಿಗಳ ನಡುವೆ ನಮ್ಮ ಆಮದು ಶೇ. 32 ಇಳಿಯಿತೆಂದು ವರದಿಯಾಯಿತು. ಅದರಲ್ಲಿ ಕ್ಯಾಲೆಂಡರಿನ ಪಾಲೂ ಇದೆ ಎಂದರೆ ಯಾರಿಗೂ ರುಚಿಸುವುದಿಲ್ಲ.

ಸೂಚ್ಯಂಕಕ್ಕೂ ಕುರುಡು ಜಾಗಗಳಿವೆ. ಪರವಾನಗಿ ಪಡೆದು ಇಲ್ಲೇ ತಯಾರಿಸಿದ್ದೂ ಅದರಲ್ಲಿ ಆಮದೇ. 2004ರಲ್ಲಿ ಕೊಂಡ 66 ಹಾಕ್ ವಿಮಾನಗಳಲ್ಲಿ 42 ತಯಾರಾಗಬೇಕಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ; ಲೆಕ್ಕಕ್ಕೆ ಅವೂ ಬ್ರಿಟನ್ನಿನವು. ಇತ್ತ 2019ರಲ್ಲಿ ಅಮೆರಿಕದಿಂದ ತರಿಸಲು ಒಪ್ಪಿದ 72,400 ರೈಫಲ್‌ಗಳು ಲೆಕ್ಕಕ್ಕೇ ಇಲ್ಲ, ಏಕೆಂದರೆ ಸಣ್ಣ ಆಯುಧ, ಮದ್ದುಗುಂಡು, ಬಹುಪಾಲು ಬಿಡಿಭಾಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಯುದ್ಧ ಬಂದಾಗ ಮೊದಲು ಕೊರತೆ ಬೀಳುವುದು ಈ ಕೊನೆಯ ಎರಡಕ್ಕೇ.

1991ರ ಕೊಲ್ಲಿ ಯುದ್ಧದ ಬೆನ್ನಿಗೆ ವಿಶ್ವಸಂಸ್ಥೆ ಏಳು ವರ್ಗದ ಆಯುಧಗಳ ದಾಖಲೆ ಪುಸ್ತಕ ತೆರೆಯಿತು. ಒಳ್ಳೆಯ ಉದ್ದೇಶ, ಬಡಕಲು ಫಲ. ತೈವಾನ್‌ಗೆ ಮಾರಿದ್ದನ್ನು ಅಮೆರಿಕ ನಮೂದಿಸಿತೆಂದು ಚೀನಾ ಹಲವು ವರ್ಷ ವರದಿಯನ್ನೇ ನಿಲ್ಲಿಸಿತ್ತು. ಇತ್ತೀಚಿನ ಸಂಶೋಧಕರಂತೂ ಸಿಪ್ರಿಯ ಕೋಷ್ಟಕ ಇಳಿಸಿಕೊಂಡು ನೇರ ಸಮೀಕರಣಕ್ಕೆ ಹಾಕುತ್ತಾರೆ. ಕೋಷ್ಟಕದ ಖಾಲಿ ಮನೆಯ ಅರ್ಥ ಏನೂ ಬರಲಿಲ್ಲವೆಂದೋ, ಬಂದದ್ದು ತಿಳಿಯಲಿಲ್ಲವೆಂದೋ ಎಂದು ವಿಚಾರಿಸುವ ತಾಳ್ಮೆ ಕಡಿಮೆ.

ಹೋಲಿಕೆ ನಿಜಕ್ಕೂ ಕೆಲಸಕ್ಕೆ ಬರುವುದು ಸ್ಥಾನಪಟ್ಟಿಯಲ್ಲಲ್ಲ, ಯಾರಿಂದ ಎಷ್ಟು ಎಂಬುದರಲ್ಲಿ. 2020-24ರಲ್ಲಿ ಪಾಕಿಸ್ತಾನದ ಆಮದಿನ ಶೇ. 81 ಚೀನಾದ್ದು. ನಮ್ಮ ಆಮದಿನಲ್ಲಿ ರಷ್ಯಾದ ಪಾಲು 2010-14ರಲ್ಲಿ ಶೇ. 72, ಮುಂದಿನ ಐದು ವರ್ಷದಲ್ಲಿ 55, ಆಮೇಲೆ 36. ಆದರೆ ಇದು ಕೆರೆಗೆ ಹರಿದು ಬರುವ ನೀರಿನ ಲೆಕ್ಕ. ಕೆರೆಯಲ್ಲಿ ನಿಂತದ್ದು ಬೇರೆ. 260ಕ್ಕೂ ಹೆಚ್ಚು ಸುಖೋಯ್‌ಗಳು, ಸಾವಿರಾರು ಟಿ-72, ಟಿ-90 ಟ್ಯಾಂಕುಗಳು ದಶಕಗಳ ಕಾಲ ರಷ್ಯಾದ ಬಿಡಿಭಾಗ ಕೇಳುತ್ತಲೇ ಇರುತ್ತವೆ.

ಆ ನಿಂತ ನೀರಿನ ಲೆಕ್ಕ ಸ್ಟಾಕ್‌ಹೋಮ್‌ನವರ ಕೆಲಸವಲ್ಲ, ನಮ್ಮದು. 1990ರ ದಶಕದ ಆರಂಭದಲ್ಲಿ ಅಬ್ದುಲ್ ಕಲಾಂ ಸಮಿತಿ ಸ್ವಾವಲಂಬನೆಯನ್ನು ಶೇ. 30ರಿಂದ 2005ರೊಳಗೆ 70ಕ್ಕೆ ಏರಿಸುವ ಗುರಿ ಇಟ್ಟಿತು. ಗುರಿ ಕೈಗೂಡಲಿಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಮಾರ್ಕ್-1ಎಗೆ ಅಮೆರಿಕದ 99 ಎಂಜಿನ್‌ಗಳಿಗೆ 2021ರಲ್ಲಿ ಆದೇಶ ಹೋಗಿ, ಮೊದಲನೆಯದು ಬಂದದ್ದು 2025ರಲ್ಲಿ. ಸಂಸತ್ತಿನಲ್ಲಿ ಯಾರೋ ಕೇಳಿದಾಗ ಚೂರುಚೂರಾಗಿ ಉತ್ತರಿಸುವ ಬದಲು ರಕ್ಷಣಾ ಸಚಿವಾಲಯ ವರ್ಷಕ್ಕೊಮ್ಮೆ ಒಂದು ಪಟ್ಟಿ ಹೊರಡಿಸಲಿ: ಯಾವ ಆಯುಧ, ಯಾವ ದೇಶದಿಂದ, ಎಷ್ಟು ಕೈಗೆ ಬಂತು, ಇಲ್ಲಿ ತಯಾರಾದುದರಲ್ಲಿ ಎಂಜಿನ್ ಯಾರದ್ದು. ಏಳು ವರ್ಗಗಳ ಮಾಹಿತಿಯನ್ನು ವಿಶ್ವಸಂಸ್ಥೆಗೆ ಕೊಟ್ಟು ರೂಢಿಯಿರುವ ಸರ್ಕಾರಕ್ಕೆ ಇದನ್ನು ತನ್ನ ಪ್ರಜೆಗಳಿಗೆ ಕೊಡುವುದು ಕಷ್ಟವಾಗಬಾರದು.