ಆ ಜಾಗಕ್ಕೆ ಪತ್ರ ಆಗಿತ್ತಾ?

ನಮ್ಮ ಅತ್ತೆಯವರಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಕಥೆ ಕೇಳುವ ಆಸೆ ಬಹಳ. ಬೇಸಿಗೆ ರಜದ ಮಧ್ಯಾಹ್ನಗಳಲ್ಲಿ ಊಟ ಮುಗಿದು, ಪಾತ್ರೆ ಬೆಳಗಿ ಬೋರಲು ಹಾಕಿದ ಮೇಲೆ, ನಾನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನಾದರೂ ಓದಿ ಹೇಳುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಾ ಕಿವಿಯನ್ನೆಲ್ಲ ಇತ್ತಲೇ ಇಟ್ಟಿರುತ್ತಿದ್ದರು. ನಡುವೆ ನಾನು ನಿಲ್ಲಿಸಿದರೆ, "ಮುಂದಕ್ಕೆ ಹೇಳೇ, ಆ ಹುಡುಗಿಗೆ ಜ್ವರ ಬಿಡ್ತೋ ಇಲ್ಲವೋ" ಎಂದು ಮೊಮ್ಮಗಳಿಗಿಂತ ಮೊದಲು ಅವರೇ ಕೇಳುತ್ತಿದ್ದರು.

ಒಂದು ವರ್ಷ ಲೈಬ್ರರಿಯಿಂದ ತಂದಿದ್ದು ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ಎಂಬಾಕೆ ಮಕ್ಕಳಿಗಾಗಿ ಬರೆದ ಕಥೆಗಳ ಕನ್ನಡ ಅನುವಾದ. ನಿಮ್ಮಲ್ಲಿ ಹಲವರು ಓದಿರಬಹುದು. ಅಪ್ಪ ಚಾರ್ಲ್ಸ್, ಅಮ್ಮ ಕ್ಯಾರೊಲಿನ್, ಮೇರಿ, ಲಾರಾ, ಕೈಗೂಸು ಕ್ಯಾರಿ. ವಿಸ್ಕಾನ್ಸಿನ್‌ನ ಕಾಡಿನಲ್ಲಿದ್ದ ಮನೆಯನ್ನು ಮಾರಿ, ಬಟ್ಟೆ ಹೊದಿಸಿದ ಗಾಡಿಯಲ್ಲಿ ಸಾಮಾನು ತುಂಬಿಕೊಂಡು, ಕಾನ್ಸಾಸ್‌ನ ಹುಲ್ಲುಗಾವಲಿಗೆ ಹೊರಡುತ್ತಾರೆ. ಅಲ್ಲಿ ಅಪ್ಪ ಮರ ಕಡಿದು ತಂದು, ದಿಮ್ಮಿಯ ಮೇಲೆ ದಿಮ್ಮಿ ಕೂರಿಸಿ ಮನೆ ಕಟ್ಟುತ್ತಾನೆ. ಬಾಗಿಲು, ಅಗುಳಿ, ಒಲೆ, ಬಾವಿ, ಒಂದೊಂದೂ ಆಗುವುದನ್ನು ನಾವು ಕಣ್ಣಾರೆ ಕಂಡಂತೆ ಬರೆದಿದ್ದಾಳೆ. ಕೊನೆಗೆ ಅಮ್ಮ ತನ್ನ ಪೆಟ್ಟಿಗೆಯಿಂದ ಒಂದು ಪಿಂಗಾಣಿ ಗೊಂಬೆಯನ್ನು ತೆಗೆದು ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಾಳೆ. ಅದನ್ನಿಟ್ಟರೆ ಮನೆ ಮನೆಯಾಯಿತು ಅಂತ. ಆಗ ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ಆ ಗೊಂಬೆ ಇಡುವ ಭಾಗವನ್ನು ನಾನು ಎರಡು ಸಲ ಓದಿದೆ ಎಂದರೆ ನೀವು ನಗಬಾರದು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು: "ಅಲ್ಲ ಕಣೇ, ಆ ಜಾಗಕ್ಕೆ ಪತ್ರ ಆಗಿತ್ತಾ?"

ನನಗೆ ನಗು ಬಂತು. "ಅದು ಅಮೆರಿಕ ಅತ್ತೆ. ಖಾಲಿ ಜಾಗ. ಅಲ್ಲಿ ಯಾರೂ ಇರಲಿಲ್ಲ, ಬರೀ ಹುಲ್ಲು" ಎಂದೆ.

"ಹಾಗಾದರೆ ನೆನ್ನೆ ಓದಿದೆಯಲ್ಲ, ಮನೆಯೊಳಗೆ ಬಂದು ರೊಟ್ಟಿ ತಿಂದು ಹೋದರು ಅಂತ, ಅವರು ಯಾರು?"

ಅತ್ತೆಗೆ ಈ ವಿಷಯದಲ್ಲಿ ಸ್ವಂತ ಅನುಭವವಿತ್ತು. ಮೊದಲ ಬಾಣಂತನಕ್ಕೆ ತವರಿಗೆ ಹೋಗಿ ಐದು ತಿಂಗಳು ಬಿಟ್ಟು ಬಂದು ನೋಡಿದರೆ, ಹಿತ್ತಲಿನ ಬೇಲಿ ಎರಡು ಮಾರು ಈಚೆಗೆ ಬಂದಿತ್ತಂತೆ. ಅವರು ನೆಟ್ಟ ನುಗ್ಗೆ ಮರ ಪಕ್ಕದವರ ಪಾಲಾಗಿತ್ತು. ಕೇಳಿದರೆ, "ಯಾರೂ ಇರಲಿಲ್ಲವಲ್ಲ" ಎಂಬ ಉತ್ತರ. ಸಾಯುವವರೆಗೂ ಅವರು ದುಡ್ಡು ಕೊಟ್ಟು ನುಗ್ಗೆಕಾಯಿ ಕೊಳ್ಳಲಿಲ್ಲ. ಅವರ ಪ್ರಶ್ನೆಗೆ ನಾನು ಅವತ್ತು ಉತ್ತರ ಕೊಡದೆ ಪುಟ ತಿರುಗಿಸಿಬಿಟ್ಟೆ. ಉತ್ತರ ಗೊತ್ತಾಗುವ ಹೊತ್ತಿಗೆ ಕೇಳಿದವರು ಇರಲಿಲ್ಲ.

ಪತ್ರ ಆಗಿರಲಿಲ್ಲ. ಆ ಜಾಗ ಓಸೇಜ್ ಎಂಬ ಜನರದು. ರೆಡ್ ಇಂಡಿಯನ್ನರು ಎಂದು ನಾವು ಒಟ್ಟಾಗಿ ಕರೆಯುವ ನೂರಾರು ಬುಡಕಟ್ಟುಗಳಲ್ಲಿ ಒಂದು. (ಕೊಲಂಬಸ್ ನಮ್ಮ ದೇಶವನ್ನು ಹುಡುಕುತ್ತಾ ಹೋಗಿ ಅವರಿಗೆ ನಮ್ಮ ಹೆಸರಿಟ್ಟ. ಆ ತಪ್ಪನ್ನು ತಿದ್ದುವ ಗೋಜಿಗೆ ಯಾರೂ ಹೋಗಲಿಲ್ಲ.) ಇಂಗಲ್ಸ್ ಕುಟುಂಬ ಅಲ್ಲಿಗೆ ಬಂದದ್ದು 1869ರಲ್ಲಿ. 1870ರ ಜನಗಣತಿಗೆ ಬಂದ ಸರ್ಕಾರಿ ಗುಮಾಸ್ತ ಅವರ ಹೆಸರುಗಳನ್ನೆಲ್ಲ ಬರೆದುಕೊಂಡ. ಜೊತೆಗೆ, ಈ ನೆಲ ಓಸೇಜರದು, ಇಲ್ಲಿ ನೆಲೆಸಿದವರಿಗೆ ಇದರ ಮೇಲೆ ಹಕ್ಕಿಲ್ಲ ಎಂಬುದನ್ನೂ ದಾಖಲಿಸಿದ. ಅಂದರೆ ವಿಷಯ ಗುಟ್ಟೇನೂ ಆಗಿರಲಿಲ್ಲ. ಸರ್ಕಾರಕ್ಕೆ ಗೊತ್ತಿತ್ತು, ಬಂದವರಿಗೂ ಗೊತ್ತಿತ್ತು.

ಓಸೇಜರ ಮಟ್ಟಿಗೆ ಬೇಲಿ ಸರಿಯತೊಡಗಿ ಆಗಲೇ ಅರವತ್ತು ವರ್ಷವಾಗಿತ್ತು. 1803ರಲ್ಲಿ ಅಮೆರಿಕ ಸರ್ಕಾರ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿದ್ದ ಅಪಾರ ಪ್ರದೇಶವನ್ನು ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಕೊಂಡುಕೊಂಡಿತು. ಮಾರಿದ ನೆಪೋಲಿಯನ್ ಆ ನೆಲವನ್ನು ನೋಡಿರಲಿಲ್ಲ, ಅಲ್ಲಿ ವಾಸವಾಗಿದ್ದವರನ್ನು ಯಾರೂ ಕೇಳಲಿಲ್ಲ. ಆಮೇಲೆ 1808, 1818, 1825ರಲ್ಲಿ ಒಂದಾದ ಮೇಲೊಂದು ಒಪ್ಪಂದ. ಪ್ರತಿ ಸಲವೂ, ಇಷ್ಟು ಬಿಟ್ಟುಕೊಡಿ, ಉಳಿದದ್ದು ನಿಮ್ಮದೇ ಎಂಬ ಮಾತು. ಮಿಸ್ಸೂರಿ, ಅರ್ಕಾನ್ಸಾಸ್‌ಗಳ ನೆಲ ಹಾಗೆ ಹೋಗಿ, ಕಾನ್ಸಾಸ್‌ನ ದಕ್ಷಿಣ ಅಂಚಿನ ಒಂದು ಪಟ್ಟಿ ಉಳಿದಿತ್ತು. 1865ರ ಒಪ್ಪಂದದಲ್ಲಿ ಅದೂ ಕುಗ್ಗಿತು. ಕುಗ್ಗಿ ಉಳಿದ ಆ ಪಟ್ಟಿಯೊಳಗೇ ನಮ್ಮ ಲಾರಾಳ ಅಪ್ಪ ಮನೆ ಕಟ್ಟಿದ್ದು.

ಖಾಲಿ ಎಂದು ಹೇಗೆ ಕಂಡಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಓಸೇಜ್ ಹೆಂಗಸರು ವಸಂತದಲ್ಲಿ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಬಿತ್ತುತ್ತಿದ್ದರು. ಸಸಿ ಮೇಲೆದ್ದ ಮೇಲೆ ಊರಿಗೆ ಊರೇ ಪಶ್ಚಿಮದ ಬಯಲಿಗೆ ಕಾಡೆಮ್ಮೆ ಬೇಟೆಗೆ ಹೊರಡುತ್ತಿತ್ತು. ಗಂಡಸರು ಬೇಟೆಯಾಡಿದರೆ, ಚರ್ಮ ಸುಲಿಯುವುದು, ಹದ ಮಾಡುವುದು, ಮಾಂಸವನ್ನು ಸೀಳಿ ಒಣಗಿಸುವುದು ಹೆಂಗಸರ ಪಾಲು. ಬೇಸಿಗೆಯ ಕೊನೆಗೆ ಕೊಯ್ಲಿಗೆ ಸರಿಯಾಗಿ ಹಿಂದಿರುಗುತ್ತಿದ್ದರು. ಕುಂಬಳಕಾಯಿಯನ್ನು ಉದ್ದುದ್ದ ಪಟ್ಟಿಯಾಗಿ ಹೆಚ್ಚಿ, ಒಣಗಿಸಿ, ಚಾಪೆಯ ಹಾಗೆ ಹೆಣೆದಿಡುತ್ತಿದ್ದರಂತೆ, ನಾವು ಬಾಳಕ, ಸಂಡಿಗೆ ಮಾಡಿಟ್ಟುಕೊಳ್ಳುವ ಹಾಗೆ ಚಳಿಗಾಲಕ್ಕೆ. ಮತ್ತೆ ಚಳಿಗಾಲದ ಬೇಟೆ. ಹೀಗೆ ವರ್ಷದಲ್ಲಿ ಕೆಲವು ತಿಂಗಳು ಊರು ಬರಿದಾಗಿರುತ್ತಿತ್ತು. ವಲಸೆ ಬಂದ ಬಿಳಿಯರಿಗೆ ಕಂಡದ್ದು ಆ ಬರಿದು ಮನೆಗಳು. ಹಿಂದಿರುಗಿ ಬಂದವರು ಎಷ್ಟೋ ಸಲ ತಮ್ಮ ಹೊಲದಲ್ಲಿ ಬೇರೆಯವರನ್ನು ಕಂಡರು. ಕುದುರೆಗಳ ಕಳವಾಯಿತು, ಸಮಾಧಿಗಳನ್ನೂ ಅಗೆದರು. ಓಸೇಜರ ಮೇಲ್ವಿಚಾರಣೆಗೆ ಸರ್ಕಾರವೇ ನೇಮಿಸಿದ್ದ ಐಸಾಕ್ ಗಿಬ್ಸನ್ ಎಂಬ ಅಧಿಕಾರಿ ಇದನ್ನೆಲ್ಲ ನೋಡಿ, ಈ ಎರಡು ಜನರಲ್ಲಿ ಕಾಡುಜನರು ಯಾರು ಎಂಬ ಅನುಮಾನ ಬಾರದಿರದು ಎಂಬರ್ಥದ ಮಾತನ್ನು ತನ್ನ ವರದಿಯಲ್ಲೇ ಬರೆದ.

ಈಗ ಆ ರೊಟ್ಟಿಯ ಪ್ರಸಂಗಕ್ಕೆ ಬರೋಣ. ಗಂಡ ಮನೆಯಲ್ಲಿಲ್ಲದಾಗ ಇಬ್ಬರು ಓಸೇಜರು ಒಳಗೆ ಬರುತ್ತಾರೆ. ಕ್ಯಾರೊಲಿನ್ ನಡುಗುತ್ತಲೇ ಜೋಳದ ರೊಟ್ಟಿ ಸುಟ್ಟುಕೊಡುತ್ತಾಳೆ. ತಿಂದು, ಮನೆಯಲ್ಲಿದ್ದ ಹೊಗೆಸೊಪ್ಪು ತೆಗೆದುಕೊಂಡು ಹೋಗುತ್ತಾರೆ. ಓದುವಾಗ ನಾನೂ ಹೆದರಿದ್ದೆ. ಎರಡು ಎಳೆಯ ಹೆಣ್ಣುಮಕ್ಕಳು, ತೋಳಲ್ಲಿ ಕೂಸು, ಕೂಗಿದರೆ ಓಗೊಡುವವರಿಲ್ಲ. ಆ ತಾಯಿಯ ಹೆದರಿಕೆ ಸುಳ್ಳಲ್ಲ, ಅದನ್ನು ಹಗುರ ಮಾಡುವ ಮನಸ್ಸು ನನಗೆ ಇಂದಿಗೂ ಇಲ್ಲ. ಆದರೆ ಬಂದವರು ಎಲ್ಲಿಗೆ ಬಂದಿದ್ದರು? ತಮ್ಮ ನೆಲಕ್ಕೆ. ತಮ್ಮ ಮರ ಕಡಿದು, ತಮ್ಮ ಹುಲ್ಲು ಮೇಯಿಸಿ, ಕೇಳದೆ ಕೂತವರ ಮನೆಗೆ. ಬಾಡಿಗೆ ವಸೂಲಿಗೆ ನಮ್ಮ ಮಾಲೀಕರು ತಿಂಗಳ ಮೊದಲ ವಾರ ಬಂದು ನಿಲ್ಲುತ್ತಿದ್ದರಲ್ಲ, ಅವರಿಗೆ ಕಾಫಿ ಕೊಡುವಾಗ ನಾನೂ ಒಳಗೊಳಗೆ ನಡುಗುತ್ತಿದ್ದೆ. ಅವರನ್ನು ಕಳ್ಳರೆಂದು ನಾನು ಯಾವತ್ತೂ ಕರೆಯಲಿಲ್ಲ.

ಆ ಪುಸ್ತಕದಲ್ಲೇ ಒಂದು ಕಡೆ ಪುಟ್ಟ ಲಾರಾ ಅಪ್ಪನನ್ನು ಕೇಳುತ್ತಾಳೆ. ಇದು ಇಂಡಿಯನ್ನರ ನೆಲವಲ್ಲವೇ, ಅವರನ್ನು ಓಡಿಸಿದರೆ ಅವರಿಗೆ ಸಿಟ್ಟು ಬರುವುದಿಲ್ಲವೇ ಎಂದು. ಅಪ್ಪ, ಪ್ರಶ್ನೆ ಸಾಕು, ಮಲಗು ಎನ್ನುತ್ತಾನೆ. ನಾನು ಮಗಳಿಗೆ ಓದುವಾಗ ಈ ಸಾಲುಗಳೂ ಇದ್ದವು. ನನ್ನ ಬಾಯಿಂದಲೇ ಹೊರಟಿದ್ದವು. ಆದರೂ ನನಗೆ ಕೇಳಿಸಲಿಲ್ಲ.

ನೆಲ ಕೈಬಿಟ್ಟು ಹೋದ ಬಗೆ ಹೀಗೆ. 1868ರಲ್ಲಿ ಒಂದು ರೈಲ್ವೆ ಕಂಪನಿ ಓಸೇಜರ 80 ಲಕ್ಷ ಎಕರೆಯನ್ನು ಎಕರೆಗೆ ಸುಮಾರು 20 ಸೆಂಟಿನಂತೆ ಹೊಡೆದುಕೊಳ್ಳುವ ಹುನ್ನಾರ ಮಾಡಿತು. ಅದು ಮುರಿದುಬಿದ್ದದ್ದು ಹೆಚ್ಚಾಗಿ ವಲಸಿಗರ ಗಲಾಟೆಯಿಂದ. ರೈಲ್ವೆಯವರ ಕೈಗೆ ಹೋದರೆ ತಮಗೆ ದುಬಾರಿಯಾಗುತ್ತದೆಂದು ಅವರಿಗೆ ಭಯ. 1870ರ ಜುಲೈನಲ್ಲಿ ಸಂಸತ್ತು ಕಾನೂನು ಮಾಡಿತು. ಆ ಸೆಪ್ಟೆಂಬರಿನಲ್ಲಿ ಡ್ರಮ್ ಕ್ರೀಕ್ ಎಂಬ ಹೊಳೆಯ ಬಳಿ ಓಸೇಜ್ ಮುಖಂಡರು ಸಭೆ ಸೇರಿ ಒಪ್ಪಿದರು. ಎಕರೆಗೆ ಒಂದೂಕಾಲು ಡಾಲರಿನಂತೆ ವಲಸಿಗರು ಕೊಳ್ಳುವುದು, ಆ ಹಣ ಓಸೇಜರ ಲೆಕ್ಕದಲ್ಲಿ ಸರ್ಕಾರದ ಖಜಾನೆಯಲ್ಲಿ ಇರುವುದು. ಬೇಡ ಎನ್ನಬಹುದಿತ್ತೇ? ಮನೆ ತುಂಬ ಜನ ಬಂದು ಕೂತ ಮೇಲೆ, ಮಾರುತ್ತೀರಾ ಎಂದು ಕೇಳಿದ ಹಾಗೆ.

ಇಲ್ಲೊಂದು ವಿಚಿತ್ರವಿದೆ. ಪುಸ್ತಕದಲ್ಲಿ ಅಪ್ಪ ಸಿಟ್ಟಿನಿಂದ ಹೊರಟುಬಿಡುತ್ತಾನೆ. ವಲಸಿಗರನ್ನು ಎಬ್ಬಿಸಲು ಸರ್ಕಾರ ಸೈನ್ಯ ಕಳಿಸುತ್ತಿದೆ ಎಂಬ ಸುದ್ದಿ ಕೇಳಿ, ನೇಗಿಲನ್ನು ಹೊಲದಲ್ಲೇ ಬಿಟ್ಟು, ಹೆಂಡತಿ ಮಕ್ಕಳನ್ನು ಗಾಡಿಗೆ ಹತ್ತಿಸುತ್ತಾನೆ. ಇತಿಹಾಸದಲ್ಲಿ ಎಬ್ಬಿಸಿದ್ದು ಓಸೇಜರನ್ನು. ಇಂಗಲ್ಸ್ ಮನೆಯವರು ಉಳಿದಿದ್ದರೆ 160 ಎಕರೆಯನ್ನು ಒಂದೂಕಾಲು ಡಾಲರಿಗೆ ಕೊಳ್ಳಬಹುದಿತ್ತು. 1871ರಲ್ಲಿ ಅವರು ಹಿಂದಿರುಗಿದ್ದಕ್ಕೆ ಬೇರೆಯೇ ಕಾರಣವಿತ್ತು. ವಿಸ್ಕಾನ್ಸಿನ್‌ನ ಮನೆ ಕೊಂಡಿದ್ದಾತ ಬಾಕಿ ಹಣ ಕಟ್ಟಲಾರದೆ ಮನೆ ವಾಪಸು ಬಿಟ್ಟುಕೊಟ್ಟಿದ್ದ. ಆಗ ಲಾರಾಗೆ ನಾಲ್ಕು ವರ್ಷ. ಕ್ಯಾರಿ ಹುಟ್ಟಿದ್ದೇ 1870ರ ಆಗಸ್ಟ್‌ನಲ್ಲಿ, ಆ ಕಾನ್ಸಾಸ್ ನೆಲದಲ್ಲಿ. ಪುಸ್ತಕ ಅಚ್ಚಾದಾಗ ಲಾರಾಗೆ 68 ವರ್ಷ. ತಂದೆಯ ಮೇಲೆ ಅವಳಿಗೆ ಪ್ರಾಣ. ಅರುವತ್ತು ವರ್ಷಗಳ ನೆನಪು ಮತ್ತು ಪ್ರೀತಿ ಎರಡೂ ಸೇರಿ ಕಥೆಯನ್ನು ಎಲ್ಲಿ ತಿದ್ದಿದವೋ ಅವಳೇ ಬಲ್ಲಳು.

ಓಸೇಜರು ಮಾತ್ರ ಈ ಸಲ ಒಂದು ಪಾಠ ಕಲಿತಿದ್ದರು. ಈಗಿನ ಒಕ್ಲಹೋಮಾದಲ್ಲಿ ಚೆರೋಕಿಗಳಿಗೆ ಸೇರಿದ್ದ ಸುಮಾರು 15 ಲಕ್ಷ ಎಕರೆಯನ್ನು ಎಕರೆಗೆ 70 ಸೆಂಟಿನಂತೆ ತಮ್ಮದೇ ದುಡ್ಡು ಕೊಟ್ಟು ಕೊಂಡರು. 1883ರಲ್ಲಿ ಅವರಿಗಾಗಿ, ಸರ್ಕಾರದ ಸುಪರ್ದಿಯಲ್ಲಿ, ಪತ್ರವೂ ಆಯಿತು. ಹೌದು, ಪತ್ರ! ಕಲ್ಲು ಗುಡ್ಡದ ನೆಲ, ನೇಗಿಲು ಹೂಡಲಾಗದು, ಆದ್ದರಿಂದ ಬಿಳಿಯರು ಇದಕ್ಕೆ ಆಸೆ ಪಡುವುದಿಲ್ಲ ಎಂದು ಅವರ ಮುಖಂಡನೊಬ್ಬ ಹೇಳಿದನೆಂದು ಓಸೇಜರಲ್ಲಿ ಮಾತಿದೆ. ಆ ಕಲ್ಲಿನ ಕೆಳಗೆ ಎಣ್ಣೆ ಇತ್ತು.

1906ರಲ್ಲಿ ಸರ್ಕಾರ ಅವರ ನೆಲವನ್ನು ತಲೆಗಿಷ್ಟೆಂದು ಹಂಚಿತು. ಆದರೆ ಕೊಂಡ ನೆಲವಾದ್ದರಿಂದ ಓಸೇಜರು ಪಟ್ಟು ಹಿಡಿದು, ನೆಲದಡಿಯ ಖನಿಜದ ಹಕ್ಕನ್ನು ಇಡೀ ಬುಡಕಟ್ಟಿಗೆ ಉಳಿಸಿಕೊಂಡರು. ಪಟ್ಟಿಯಲ್ಲಿದ್ದ 2,229 ಮಂದಿಗೆ ಸಮಪಾಲು. 1923ರ ಒಂದೇ ವರ್ಷ ಅವರಿಗೆ ಬಂದದ್ದು ಮೂರು ಕೋಟಿ ಡಾಲರಿಗೂ ಮಿಕ್ಕಿದ ಹಣ. ಆಗ ಬಂದವರು ನೇಗಿಲು ಹಿಡಿದು ಬರಲಿಲ್ಲ. ಪಾಲಕರಾಗಿ, ಲಾಯರುಗಳಾಗಿ, ಡಾಕ್ಟರುಗಳಾಗಿ, ಗಂಡಂದಿರಾಗಿ ಬಂದರು. ಓಸೇಜರಿಗೆ ಹಣ ನಿಭಾಯಿಸುವ ಬುದ್ಧಿಯಿಲ್ಲವೆಂದು ಕಾನೂನೇ ಪಾಲಕರನ್ನು ನೇಮಿಸಿತ್ತು. ತನ್ನದೇ ದುಡ್ಡಿನಲ್ಲಿ ಮನೆಗೆ ಸಾಮಾನು ತರಲು ಒಬ್ಬ ಹೆಂಗಸು ಪರರ ಅಪ್ಪಣೆ ಕೇಳಬೇಕಾದ ಸ್ಥಿತಿಯನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಮೋಲಿ ಬರ್ಕ್‌ಹಾರ್ಟ್ ಅಂಥ ಒಬ್ಬಳು. 1921ರಲ್ಲಿ ಅವಳ ಅಕ್ಕ ಆನಾಳನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ತಾಯಿ ತೀರಿಕೊಂಡಳು. 1923ರಲ್ಲಿ ತಂಗಿ ರೀಟಾಳ ಮನೆಗೆ ಸಿಡಿಮದ್ದಿಟ್ಟರು. ಒಬ್ಬೊಬ್ಬರು ಸತ್ತಂತೆ ಎಣ್ಣೆಯ ಪಾಲು ಮೋಲಿಯ ಕಡೆಗೆ ಹರಿದು ಬರುತ್ತಿತ್ತು. ಕೊನೆಗೆ ನೋಡಿದರೆ ಸಂಚಿನಲ್ಲಿ ಇದ್ದವನು ಅವಳ ಗಂಡ ಅರ್ನೆಸ್ಟ್, ಸಂಚಿನ ಹಿಂದಿದ್ದವನು ಗಂಡನ ಸೋದರಮಾವ. ದೊಡ್ಡ ಮನುಷ್ಯ, ಓಸೇಜರ ಹಿತೈಷಿ ಎಂದು ಹೆಸರು ಪಡೆದವನು. ಮೋಲಿಗೂ ವಿಷ ಹಾಕುತ್ತಿದ್ದರೆಂಬ ಶಂಕೆ ಎದ್ದಿತು. ಅವಳು ಉಳಿದುಕೊಂಡಳು, ಗಂಡನಿಂದ ಬಿಡುಗಡೆ ಪಡೆದಳು. 2023ರಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಇದನ್ನೇ ಸಿನಿಮಾ ಮಾಡಿದಾಗ ಮಗಳು ನನ್ನನ್ನು ಕೂರಿಸಿ ತೋರಿಸಿದಳು. ಮೂರೂವರೆ ಗಂಟೆ. ಅದನ್ನು ನೋಡಿದ ಮೇಲೆಯೇ ನಾನು ಓಸೇಜರು ಯಾರು, ಎಲ್ಲಿಂದ ಬಂದರು ಎಂದು ಹುಡುಕಿ ಓದಿದ್ದು. ಹುಡುಕುತ್ತಾ ಹೋದರೆ ಸಿಕ್ಕಿದ್ದು ನನ್ನ ಪ್ರೀತಿಯ ಪುಟ್ಟ ಮನೆ!

ಲಾರಾಳ ಆ ಪುಸ್ತಕ ಬಂದದ್ದು 1935ರಲ್ಲಿ. ಮೊದಲ ಮುದ್ರಣದಲ್ಲಿ, ಆ ಪ್ರದೇಶದಲ್ಲಿ ಜನರೇ ಇಲ್ಲ, ಇಂಡಿಯನ್ನರು ಮಾತ್ರ ಇದ್ದಾರೆ ಎಂಬರ್ಥದ ವಾಕ್ಯವಿತ್ತು. ಕಾನ್ಸಾಸ್ ಗಡಿಗೆ ಅಂಟಿಕೊಂಡೇ ಇರುವ ಒಕ್ಲಹೋಮಾದ ಓಸೇಜ್ ಕೌಂಟಿಯಲ್ಲಿ ಆಗ ಮೋಲಿ ಇನ್ನೂ ಬದುಕಿದ್ದಳು, ತೀರಿಕೊಂಡದ್ದು 1937ರಲ್ಲಿ. ಹದಿನೇಳು ವರ್ಷ ಆ ವಾಕ್ಯ ಹಾಗೇ ಇತ್ತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದು ಆಕ್ಷೇಪಿಸಿದರು. ಲಾರಾ ತಕ್ಷಣ ತಪ್ಪೊಪ್ಪಿಕೊಂಡಳು. ಮರುವರ್ಷದ ಮುದ್ರಣದಲ್ಲಿ 'ಜನ' ಎಂಬ ಒಂದು ಪದ ಹೋಗಿ 'ವಲಸಿಗರು' ಎಂದಾಯಿತು. ಉಳಿದದ್ದೆಲ್ಲ ಹಾಗೇ ಇದೆ. 2018ರಲ್ಲಿ ಅಲ್ಲಿನ ಮಕ್ಕಳ ಗ್ರಂಥಪಾಲಕರ ಸಂಘ ಅವಳ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನೇ ಬದಲಾಯಿಸಿತು. ನಾನು ಪುಸ್ತಕವನ್ನು ಕಪಾಟಿನಿಂದ ತೆಗೆದಿಲ್ಲ. ಮನೆ ಕಟ್ಟುವುದನ್ನು ಅಷ್ಟು ಚೆನ್ನಾಗಿ ಬರೆದವರು ಕಡಿಮೆ.

ಓಸೇಜರ ಹಣವನ್ನು ಖಜಾನೆಯಲ್ಲಿಟ್ಟುಕೊಂಡ ಸರ್ಕಾರ ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ದಾವೆ 2011ರಲ್ಲಿ ರಾಜಿಯಾಗಿ, 38 ಕೋಟಿ ಡಾಲರ್ ಕೊಡಬೇಕಾಯಿತು. ಬಡ್ಡಿ ಸೇರಿಸಿದರಾ ಎಂದು ಅತ್ತೆ ಕೇಳುತ್ತಿದ್ದರೇನೋ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಬಂದಿದ್ದಳು. ಅದೇ ಪುಸ್ತಕ ತೆಗೆದೆ. ಗಾಡಿ ಹೊರಟಿತು, ನದಿ ದಾಟಿತು, ಹುಲ್ಲುಗಾವಲು ಬಂತು. ಅಲ್ಲಿ ನಿಲ್ಲಿಸಿ, "ಸ್ವಲ್ಪ ತಾಳು, ಇಲ್ಲಿ ಮೊದಲೇ ಇದ್ದವರ ವಿಷಯ ಹೇಳ್ತೀನಿ" ಎಂದೆ. ಜೋಳ ಬಿತ್ತುವುದು, ಬೇಟೆಗೆ ಹೋಗುವುದು, ಕುಂಬಳಕಾಯಿ ಚಾಪೆ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿ, "ಅಜ್ಜಿ, ಅವರು ವಾಪಸ್ ಬಂದಾಗ ಆ ಕುಂಬಳಕಾಯಿ ಇತ್ತಾ?" ಎಂದಳು.